ಕ್ಯಾಫ್ಸ್ ಪ್ಯಾನೆಲ್: ಲಿವರ್ ಮೇಲೋ, ಗುಂಡಿ ಮೇಲೋ?

ನಮ್ಮದು ಟೆಕ್ಸಾಸ್‌ನ ಒಂದು ಸಣ್ಣ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವ ನಾನು ಇಲ್ಲಿ ಪಂಪ್ ಆಪರೇಟರ್. ಒತ್ತಿದ ಗಾಳಿಯಿಂದ ನೊರೆ ಮಾಡುವ, ಅಂದರೆ ಕ್ಯಾಫ್ಸ್ ಅಳವಡಿಸಿರುವ ವಾಹನಗಳು ದಳದಲ್ಲಿ ಎರಡಿವೆ. ಎರಡರ ಒಳಗಿನ ಸರಂಜಾಮು ಹೆಚ್ಚುಕಡಿಮೆ ಒಂದೇ: ನೀರಿನ ಪಂಪು, ಫೋಮ್ (ನೊರೆ ಬರಿಸುವ ದ್ರವ) ಬೆರೆಸುವ ಯಂತ್ರ, ಗಾಳಿ ಒತ್ತುವ ಸ್ಕ್ರೂ ಕಂಪ್ರೆಸರ್. ಬೇರೆಯಾಗುವುದು ಆಪರೇಟರ್ ಎದುರಿನ ಪ್ಯಾನೆಲ್. ಹಳೆಯದರಲ್ಲಿ ನೀರಿಗೊಂದು ಲಿವರ್, ಗಾಳಿಗೊಂದು ವಾಲ್ವ್, ಫೋಮಿಗೊಂದು ಪುಟ್ಟ ಡಿಜಿಟಲ್ ಪೆಟ್ಟಿಗೆ. ಹೊಸದರಲ್ಲಿ ಪ್ರತಿಯೊಂದು ಹೋಸ್‌ಗೂ ಎರಡು ಗುಂಡಿ: ಒಂದು ನೀರು ಹೆಚ್ಚಿರುವ ಒದ್ದೆ ನೊರೆಗೆ, ಇನ್ನೊಂದು ನೀರು ಕಡಿಮೆ ಇರುವ ಒಣ ನೊರೆಗೆ. ಯಾವುದು ಮೇಲು ಎಂಬ ವಾದ ಹೊಸ ವಾಹನ ಬಂದಂದಿನಿಂದ ಠಾಣೆಯಲ್ಲಿ ನಡೆಯುತ್ತಲೇ ಇದೆ. ಎರಡನ್ನೂ ಬೆಂಕಿಯ ಮುಂದೆ ನಡೆಸಿದವನಾಗಿ ನನ್ನ ಪಾಲಿನ ಮಾತು ಇಲ್ಲಿದೆ.

ಯಂತ್ರದ ತಿರುಳು ಸರಳ. ನೀರಿಗೆ ಎ ದರ್ಜೆಯ, ಅಂದರೆ ಮರ, ಹುಲ್ಲು, ಕಾಗದದ ಬೆಂಕಿಗೆಂದೇ ಇರುವ ಫೋಮ್ ದ್ರವವನ್ನು ಸಾಮಾನ್ಯವಾಗಿ ಶೇ 0.3ರಿಂದ 0.5ರಷ್ಟು ಬೆರೆಸುತ್ತೇವೆ, 500 ಗ್ಯಾಲನ್ ನೀರಿನ ಟ್ಯಾಂಕಿಗೆ ಹೆಚ್ಚೆಂದರೆ ಎರಡೂವರೆ ಗ್ಯಾಲನ್. ಪಂಪು ದಾಟಿದ ಮೇಲೆ ಆ ದ್ರಾವಣಕ್ಕೆ ಕಂಪ್ರೆಸರ್‌ನ ಗಾಳಿ ಸೇರುತ್ತದೆ. ಹೋಸ್‌ನ ಉದ್ದಕ್ಕೂ ಎರಡೂ ಕಡೆದುಕೊಂಡು ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಬರಿಯ ನೀರು ಗೋಡೆಯಿಂದ ಜಾರಿ ನೆಲ ಸೇರುತ್ತದೆ. ನೊರೆ ಅಲ್ಲೇ ಅಂಟಿಕೊಂಡು ನಿಧಾನವಾಗಿ ನೀರು ಬಿಡುತ್ತದೆ. ನೀರು ದುರ್ಲಭವಾದ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಹುಲ್ಲು, ಕುರುಚಲು ಕಾಡಿನ ಬೆಂಕಿಗೆ ಈ ವಿದ್ಯೆ ಪಳಗಿದ್ದು ಇದೇ ಟೆಕ್ಸಾಸ್‌ನಲ್ಲಿ. 1970ರ ದಶಕದಲ್ಲಿ ಇಲ್ಲಿನ ಅರಣ್ಯ ಸೇವೆಯವರು ಕಾಗದ ಗಿರಣಿಗಳಲ್ಲಿ ಉಳಿಯುವ ಪೈನ್ ಸೋಪನ್ನು ಬಳಸಿ ನೊರೆ ಮಾಡಿದರು. ಅದಕ್ಕೆ ‘ಟೆಕ್ಸಾಸ್ ಸ್ನೋ ಜಾಬ್’ ಎಂಬ ತಮಾಷೆಯ ಹೆಸರೂ ಬಿತ್ತು.

ಹಳೆಯ ಪ್ಯಾನೆಲ್ ಮುಂದೆ ನಿಂತವನಿಗೆ ಕ್ರಮ ಬಾಯಿಪಾಠವಾಗಿರಬೇಕು. ಮೊದಲು ನೀರು, ಆಮೇಲೆ ಫೋಮ್, ಕೊನೆಗೆ ಗಾಳಿ. ನಿಲ್ಲಿಸುವಾಗ ಇದೇ ಕ್ರಮ ತಲೆಕೆಳಗು. ಕಂಪ್ರೆಸರ್‌ನ ಸ್ವಿಚ್ಚನ್ನು ‘ಆಟೋ’ದಲ್ಲಿ ಇಟ್ಟರೆ ಗಾಳಿಯ ಒತ್ತಡ ನೀರಿನ ಒತ್ತಡವನ್ನು ಹಿಂಬಾಲಿಸುತ್ತದೆ. ಪಂಪನ್ನು 120 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡಕ್ಕೆ ಏರಿಸಿದರೆ ಗಾಳಿಯ ಮೀಟರಿನ ಮುಳ್ಳೂ ಏರಿ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಇವೆರಡು ಮುಳ್ಳುಗಳ ಜೋಡಿಯನ್ನು ನೋಡುವುದೇ ಆಪರೇಟರ್‌ನ ಅರ್ಧ ಕೆಲಸ. ನೀರು ಮುಂದಾದರೆ ಗಾಳಿಗೆ ಒಳನುಗ್ಗಲು ದಾರಿಯಿಲ್ಲ. ಗಾಳಿ ಮುಂದಾದರೆ ಅದು ನೀರನ್ನೇ ತಡೆಯುತ್ತದೆ. ಮನೆಯೊಳಗೆ ನುಗ್ಗಿ ಬೆಂಕಿ ಆರಿಸುವಾಗ ನಿಮಿಷಕ್ಕೆ 60 ಗ್ಯಾಲನ್ ನೀರು, 30 ಘನ ಅಡಿ ಗಾಳಿ ಎಂಬ ಎರಡಕ್ಕೊಂದರ ಲೆಕ್ಕ ನಮ್ಮಲ್ಲಿ ರೂಢಿ.

ಇದೇ ಸ್ವಿಚ್ಚಿಗೆ ‘ಫಿಕ್ಸೆಡ್’ ಎಂಬ ಇನ್ನೊಂದು ಸ್ಥಾನವಿದೆ. ಗಾಳಿಯಿಂದ ನಡೆಯುವ ಗರಗಸ, ಸುತ್ತಿಗೆಗಳಿಗೆ ಒತ್ತಡ ಏರಿಳಿಯಬಾರದು, ಅದಕ್ಕಾಗಿ. ಅಪಘಾತದ ಸ್ಥಳದಲ್ಲಿ ಗರಗಸ ಬಳಸಿದವರು ಸ್ವಿಚ್ಚನ್ನು ಅಲ್ಲೇ ಬಿಟ್ಟು ವಾಹನವನ್ನು ಠಾಣೆಗೆ ತಂದು ನಿಲ್ಲಿಸಿದರೆ, ಮುಂದಿನ ಬೆಂಕಿಯಲ್ಲಿ ಗಾಳಿ ನೀರಿನ ಮಾತು ಕೇಳುವುದಿಲ್ಲ. ಹೊಸ ವಾಹನ ಪ್ರತಿ ಬಾರಿ ಚಾಲೂ ಆದಾಗಲೂ ತಾನೇ ‘ಆಟೋ’ಗೆ ಮರಳುತ್ತದೆ. ಈ ಒಂದು ವಿಷಯದಲ್ಲಿ ಹಳೆಯದರ ಪರ ವಾದಿಸುವವರ ಹತ್ತಿರ ಉತ್ತರವಿಲ್ಲ.

ಹೊಸ ಪ್ಯಾನೆಲ್‌ನ ಸುಖ ತಿಳಿಯುವುದು ಮೊದಲ ಎರಡು ನಿಮಿಷಗಳಲ್ಲಿ. ಸ್ವಯಂಸೇವಕರ ದಳದಲ್ಲಿ ವಾಹನದ ಜೊತೆ ಎಷ್ಟು ಜನ ಬರುತ್ತಾರೆಂಬ ಖಾತರಿ ಇರುವುದಿಲ್ಲ. ಒಮ್ಮೊಮ್ಮೆ ಆಪರೇಟರೇ ಹೋಸ್ ಎಳೆದುಕೊಡಬೇಕು, ಚಕ್ರಕ್ಕೆ ತಡೆ ಇಡಬೇಕು, ರೇಡಿಯೋಗೆ ಉತ್ತರ ಕೊಡಬೇಕು. ಆಗ ‘ಒದ್ದೆ’ ಗುಂಡಿ ಒತ್ತಿ ಬೇರೆ ಕೆಲಸಕ್ಕೆ ಓಡಬಹುದು. ಮೋಟಾರು ನೀರಿನ ವಾಲ್ವ್ ತೆರೆಯುತ್ತದೆ, ಫೋಮ್ ಸೇರುತ್ತದೆ, ದ್ರಾವಣ ಹರಿಯತೊಡಗಿದ ಮೇಲಷ್ಟೇ ಗಾಳಿ ಬರುತ್ತದೆ. ಹಳೆಯದರಲ್ಲಿ ಅಷ್ಟೂ ಹೊತ್ತು ಎರಡೂ ಕೈ ಪ್ಯಾನೆಲ್‌ಗೆ ಮೀಸಲು. ಹೊಸಬರನ್ನು ಗುಂಡಿಯ ಮುಂದೆ ನಿಲ್ಲಿಸಲು ಒಂದು ಸಂಜೆಯ ತರಬೇತಿ ಸಾಕು. ಲಿವರ್ ಮುಂದೆ ನಿಲ್ಲಿಸಲು ನಮ್ಮ ಕ್ಯಾಪ್ಟನ್ ಒಂದು ಬೇಸಿಗೆಯನ್ನೇ ಕೇಳುತ್ತಾರೆ.

ಎಲ್ಲವೂ ಸರಿಯಿದ್ದಾಗ ಎರಡು ಪ್ಯಾನೆಲ್‌ಗಳೂ ಒಳ್ಳೆಯವೇ. ನಾನು ಅಂಕ ಕೊಡುವುದು ಫೋಮ್ ಮುಗಿದಾಗ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದಕ್ಕೆ. ಫೋಮ್ ಇಲ್ಲದೆ ನೀರು ಮತ್ತು ಗಾಳಿ ಬೆರೆಯುವುದಿಲ್ಲ. ಹೋಸ್‌ನೊಳಗೆ ಒಂದು ಗುಕ್ಕು ನೀರು, ಅದರ ಹಿಂದೆ ಒಂದು ಗುಕ್ಕು ಗಾಳಿ, ಮತ್ತೆ ನೀರು. ನೆಲದ ಮೇಲೆ ಮಲಗಿದ್ದ ಹೋಸ್ ಗಂಟುಗಂಟಾಗಿ ಎಗರುತ್ತದೆ. ಪ್ಯಾನೆಲ್ ಪಕ್ಕದ ಕಪ್ಲಿಂಗ್ ಮೇಲೆ ಅಂಗೈ ಇಟ್ಟರೆ ಒಳಗಿನ ಪೆಟ್ಟು ಮಣಿಕಟ್ಟಿನವರೆಗೆ ಬರುತ್ತದೆ. ಆ ಕಡೆ ನಾಜಲ್ ಹಿಡಿದವರ ಪಾಡು ಊಹಿಸಿಕೊಳ್ಳಿ. ಹಳೆಯ ಪ್ಯಾನೆಲ್ ಇಂಥ ಹೊತ್ತಿನಲ್ಲಿ ಒಂದು ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತದೆ. ಗಾಳಿ ಮುಚ್ಚುವುದು ಆಪರೇಟರ್‌ನ ಹೊಣೆ. ಅವನು ಆಗ ಹೈಡ್ರಂಟ್ ಕಡೆ ತಿರುಗಿದ್ದರೆ ಆ ದೀಪ ಯಾರಿಗೂ ಕಾಣಿಸುವುದಿಲ್ಲ. ಹೊಸದು ತಾನಾಗಿ ಗಾಳಿ ಕಡಿದು ಬರಿಯ ನೀರಿಗೆ ಇಳಿಯುತ್ತದೆ. ನೊರೆ ತಪ್ಪಿತು, ಆದರೆ ಒಳಗಿದ್ದವರ ಕೈಯಲ್ಲಿ ನೀರಂತೂ ಉಳಿಯಿತು.

ಹಾಗೆಂದು ಹೊಸದಕ್ಕೆ ಪೂರ್ಣ ಅಂಕ ಕೊಡಲಾರೆ. ವಾಹನವನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಫೋಮ್ ಟ್ಯಾಂಕಿನ ಒಂದು ಮೂಲೆ ಬರಿದಾಗಿ, ಸೆನ್ಸರ್ ‘ಖಾಲಿ’ ಎಂದು ಕೂಗಿ, ಅರ್ಧ ಟ್ಯಾಂಕ್ ಫೋಮ್ ಇದ್ದಾಗಲೂ ಗಾಳಿ ನಿಂತದ್ದುಂಟು. ಸಾಫ್ಟ್‌ವೇರ್ ಬರೆಯುವವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಿಟ್ಟು ಬರುವುದು ಇನ್ನೊಂದಕ್ಕೆ: ಎಷ್ಟು ನೀರು, ಎಷ್ಟು ಗಾಳಿ ಹೋಗುತ್ತಿದೆ ಎಂದು ನೋಡಲು ಪರದೆಯಲ್ಲಿ ಎರಡು ಪುಟ ದಾಟಬೇಕು. ದಪ್ಪ ಕೈಗವಸು ತೊಟ್ಟ ಬೆರಳಿಗೆ ಅದು ಸುಲಭದ ಕೆಲಸವಲ್ಲ.

ಹಳೆಯದರ ನಿಜವಾದ ಗೆಲುವು ಒಣ ನೊರೆಯಲ್ಲಿ. ಪಕ್ಕದ ಮನೆಗೆ ಬೆಂಕಿ ಹಬ್ಬದಂತೆ ಗೋಡೆಗೆ, ಸೂರಿನಡಿಗೆ, ಸೀಡರ್ ಬೇಲಿಗೆ ಬಳಿಯುವ ನೊರೆ ಶೇವಿಂಗ್ ಕ್ರೀಮಿನಂತೆ ನಿಲ್ಲಬೇಕು. ಗಾಳಿಯನ್ನು ಹಾಗೇ ಬಿಟ್ಟು ನೀರಿನ ಲಿವರನ್ನು ಬೆರಳಂಚಿನಷ್ಟು ಹಿಂದೆ ತಳ್ಳಿ, ನಾಜಲ್‌ನಿಂದ ಬರುವುದನ್ನು ನೋಡಿ, ಇನ್ನಷ್ಟು ತಳ್ಳಿದರೆ ಬೇಕಾದ ಹದ ಸಿಗುತ್ತದೆ. ನಾಜಲ್ ಹಿಡಿದವರು ಕೈ ಎತ್ತಿ ಸನ್ನೆ ಮಾಡಿದರೆ ಅಲ್ಲಿಗೆ ನಿಲ್ಲಿಸಿದರಾಯಿತು. ಹೊಸದರ ‘ಒಣ’ ಗುಂಡಿಗೆ ಕಾರ್ಖಾನೆಯಲ್ಲಿ ನಿಗದಿಯಾದ ಒಂದೇ ಹದ ಗೊತ್ತು. ಹೋಸ್‌ಗೆ ಇನ್ನೊಂದು ತುಂಡು ಜೋಡಿಸಿದರೂ, ಗುಡ್ಡದ ಮೇಲಕ್ಕೆ ಎಳೆದರೂ ಅದೇ. ಬದಲಿಸಬೇಕೆಂದರೆ ಸರ್ವೀಸ್ ಪಾಸ್‌ವರ್ಡ್ ಬೇಕು, ಅದು ಮೆಕ್ಯಾನಿಕ್ ಹತ್ತಿರ ಇರುತ್ತದೆ.

ಆದರೆ ಒಣ ನೊರೆಯೊಂದಿಗೆ ಮನೆಯೊಳಗೆ ಹೋಗಲು ಯಾವ ಪ್ಯಾನೆಲ್ ಇದ್ದರೂ ನಾನು ಒಪ್ಪುವುದಿಲ್ಲ. 2005ರ ಡಿಸೆಂಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದಾಗ ಇಬ್ಬರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ನೊರೆ ತುಂಬಿದ ಹೋಸ್ ಬಿಸಿಗೆ ಎಷ್ಟು ತಡೆದೀತು ಎಂಬ ಚರ್ಚೆ ಅದರ ನಂತರ ಜೋರಾಯಿತು. ನೀರು ಕಡಿಮೆ ಇರುವ ಹೋಸ್ ಬೇಗ ಕಾಯುತ್ತದೆ. ಹಗುರವಾದ್ದರಿಂದ ಎಳೆಯಲು ಸುಖ, ಅದೇ ಕಾರಣಕ್ಕೆ ಬಾಗಿಲ ಮೂಲೆಯಲ್ಲಿ ಮಡಚಿಕೊಳ್ಳುವುದೂ ಬೇಗ. ನಾಜಲ್ ವಿಷಯ ಎರಡಕ್ಕೂ ಒಂದೇ: ನೇರ ಧಾರೆಯದೇ ಬೇಕು, ತುಂತುರು ನಾಜಲ್ ಗುಳ್ಳೆಗಳನ್ನು ಒಡೆಯುತ್ತದೆ. ತೆರೆಯುವಾಗ ನಿಧಾನ, ಹೋಸ್‌ನೊಳಗೆ ಒತ್ತಿಟ್ಟ ಗಾಳಿ ಮೊದಲ ಕ್ಷಣದಲ್ಲಿ ಭುಜವನ್ನೇ ಹಿಂದಕ್ಕೆ ತಳ್ಳುತ್ತದೆ.

ಕಂಪ್ರೆಸರ್ ಇಲ್ಲದೆ, ಗಾಳಿಯನ್ನು ತಾನೇ ಎಳೆದುಕೊಳ್ಳುವ ನಾಜಲ್‌ನಿಂದ ನೊರೆ ಮಾಡುವ ಮೂರನೆಯ ದಾರಿಯೂ ಇದೆ. ಅಗ್ಗ, ಕೆಡುವ ಭಾಗ ಕಡಿಮೆ, ಆದರೆ ಧಾರೆ ದೂರ ಹೋಗುವುದಿಲ್ಲ. ಭಾರತದಲ್ಲಿ ಬಳಕೆಯಲ್ಲಿರುವ, ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾಫ್ಸ್ ಸಾಧನ ಇನ್ನೊಂದು ತುದಿ: ಮೊದಲೇ ಬೆರೆಸಿಟ್ಟ ದ್ರಾವಣ, ಗಾಳಿಯ ಸಿಲಿಂಡರ್, ಒಂದು ಟ್ರಿಗರ್. ಹದ ಮಾಡುವ ತಲೆನೋವೇ ಇಲ್ಲ. ಸಣ್ಣ ಬೆಂಕಿಗೆ ಅಷ್ಟೇ ಸಾಕು.

ಕೆಲಸ ಮುಗಿದ ಮೇಲಿನ ತೊಳೆಯುವಿಕೆಯಲ್ಲಿ ಹೊಸದು ಮೇಲು, ಒಂದು ಗುಂಡಿಗೆ ಕೊಳವೆಗಳೆಲ್ಲ ಶುದ್ಧ. ಫೋಮ್ ತುಂಬಿಸುವಾಗ ಮಾತ್ರ ಎರಡರಲ್ಲೂ ಮೈಯೆಲ್ಲ ಕಣ್ಣಾಗಿರಬೇಕು: ಎ ದರ್ಜೆಯ ಟ್ಯಾಂಕಿಗೆ ಪೆಟ್ರೋಲ್ ಬೆಂಕಿಯ ಬಿ ದರ್ಜೆಯ ಫೋಮ್ ಸುರಿದರೆ ಅದು ಲೋಳೆಗಟ್ಟಿ ಕೊಳವೆಗಳನ್ನೇ ಕಟ್ಟಿಬಿಡಬಹುದು.

ಒಂದನ್ನೇ ಆರಿಸು ಎಂದರೆ ಹೊಸದನ್ನೇ ಆರಿಸುತ್ತೇನೆ, ಫೋಮ್ ಮುಗಿದಾಗ ಗಾಳಿ ಕಡಿಯುತ್ತದೆ ಎಂಬ ಒಂದೇ ಕಾರಣಕ್ಕೆ. ಮುಂದಿನ ವಾಹನದ ಬೇಡಿಕೆ ಪಟ್ಟಿಗೆ ಮೂರು ಸಾಲು ಬರೆದುಕೊಟ್ಟಿದ್ದೇನೆ: ಗುಂಡಿಯ ಪಕ್ಕದಲ್ಲೇ ಕೈಯಿಂದ ತಿರುಗಿಸುವ ಗಾಳಿ ವಾಲ್ವ್, ಪರದೆಯ ಹೊರಗೆ ಪ್ರತಿ ಹೋಸ್‌ಗೂ ನೀರು ಮತ್ತು ಗಾಳಿಯ ಬೇರೆ ಬೇರೆ ಮೀಟರ್, ಠಾಣೆಯವರೇ ಬದಲಿಸಬಹುದಾದ ‘ಒಣ’ ಹದ. ಮೊದಲೆರಡಕ್ಕೆ ಕ್ಯಾಪ್ಟನ್ ಒಪ್ಪಿದ್ದಾರೆ. ಮೂರನೆಯದಕ್ಕೆ ಮೆಕ್ಯಾನಿಕ್ ಒಪ್ಪಬೇಕು.