ನೇಮ್‌ಸೇಕ್ ಓದೋದಾ, ಅಮೆರಿಕಾನಾ ಓದೋದಾ?

ವಲಸೆ ಹೋದವರ ಕಥೆ ಓದ್ಬೇಕು ಆದ್ರೆ ಸದ್ಯಕ್ಕೆ ಒಂದೇ ಪುಸ್ತಕಕ್ಕೆ ಟೈಮ್ ಇದೆ ಅನ್ನೋರಿಗೆ ನಾನು ಈ ಎರಡು ಕಾದಂಬರಿಗಳಲ್ಲಿ ಒಂದು ತಗೊಳ್ಳಿ ಅಂತೀನಿ.

ಝುಂಪಾ ಲಾಹಿರಿ ಅವರ ನೇಮ್‌ಸೇಕ್ (2003) ಕಲ್ಕತ್ತಾದಿಂದ ಮ್ಯಾಸಚೂಸೆಟ್ಸ್‌ಗೆ ಹೋದ ಗಂಡ ಹೆಂಡ್ತಿ ಮತ್ತೆ ಅಲ್ಲೇ ಹುಟ್ಟಿದ ಮಗ ಗೊಗೋಲ್ ಕಥೆ. ಶುರುವಲ್ಲೇ ತುಂಬು ಬಸುರಿ ಆಶಿಮಾ ಅಲ್ಲಿನ ಅಕ್ಕಿ ಸೀರಿಯಲ್ ರೈಸ್ ಕ್ರಿಸ್ಪೀಸ್‌ಗೆ ಕಡ್ಲೆಬೀಜ, ಈರುಳ್ಳಿ ಹಾಕಿ ಊರಿನ ಮಂಡಕ್ಕಿ ರುಚಿ ಹುಡುಕ್ತಾಳೆ, ನನಗಂತೂ ಅಲ್ಲೇ ಗಂಟಲು ಕಟ್ತು. ಮಕ್ಕಳು ಫಾರಿನ್‌ನಲ್ಲಿರೋ ಅಪ್ಪ ಅಮ್ಮಂದಿರು ಇದನ್ನೇ ಮೊದ್ಲು ಓದ್ಲಿ.

ಚಿಮಮಾಂಡಾ ಅಡೀಚಿ ಅವರ ಅಮೆರಿಕಾನಾ (2013) ಪೂರ್ತಿ ಬೇರೆ ತರ. ನೈಜೀರಿಯಾದ ಲಾಗೋಸ್‌ನ ಇಫೆಮೆಲುಗೆ ತಾನು ಕಪ್ಪು ಅನ್ನೋದು ಅಮೆರಿಕಕ್ಕೆ ಬಂದ್ಮೇಲೇ ತಟ್ಟೋದು, ಓದೋಕೆ ಹೋದವಳು ಬೇರೆಯವರ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿ ಕೆಲಸಕ್ಕೆ ಕೇಳೋ ಸರ್ಕಾರಿ ನಂಬರ್ ಇರೋ ಕಾರ್ಡ್) ಇಟ್ಕೊಂಡು ಕೆಲಸ ಹುಡುಕ್ತಾಳೆ, ಅವಳ ಹುಡುಗ ಒಬಿಂಜೆ ಲಂಡನ್‌ನಲ್ಲಿ ವೀಸಾ ಮುಗಿದ್ಮೇಲೂ ಇನ್ನೊಬ್ಬರ ಹೆಸರಲ್ಲಿ ದುಡಿದು, ಪೇಪರ್ಸ್‌ಗೋಸ್ಕರ ಮದ್ವೆ ಆಗೋಕೆ ಹೋಗಿ ಸಿಕ್ಕಿಬೀಳ್ತಾನೆ, ವಾಪಸ್ ಕಳಿಸ್ತಾರೆ. ದಪ್ಪ ಪುಸ್ತಕ, ಮಧ್ಯೆ ಬರೋ ಇಫೆಮೆಲುವಿನ ಬ್ಲಾಗ್ ಪೋಸ್ಟ್‌ಗಳು ಸ್ವಲ್ಪ ಎಳೆಯುತ್ವೆ. ಆದ್ರೂ ಬಾಡಿಗೆ, ಕೆಲಸ, ಕಾಗದಪತ್ರದ ಭಯ ಇಷ್ಟು ನೇರವಾಗಿ ನೇಮ್‌ಸೇಕ್‌ನಲ್ಲಿ ಸಿಗಲ್ಲ, ಅಲ್ಲಿ ಅಪ್ಪ ಎಂಐಟಿಲಿ ಓದಿ ಪ್ರೊಫೆಸರ್ ಆದವರು. ಹೊರಗೆ ಹೋಗೋ ತಯಾರಿಲಿ ಇರೋರು, ಅಥ್ವಾ ವಾಪಸ್ ಬರಲಾ ಬೇಡ್ವಾ ಅಂತ ಒದ್ದಾಡ್ತಿರೋರು, ಕಣ್ಮುಚ್ಚಿ ಅಮೆರಿಕಾನಾ ತಗೊಳ್ಳಿ.