ಹಳೆಯ ಮನೆಗೆ ಹೀಟ್ ಪಂಪ್: ಲೆಕ್ಕ ಹಾಕಿಸದೆ ಸಹಿ ಹಾಕಬೇಡಿ

ಜರ್ಮನಿಯಲ್ಲಿ ಹಳೆಯ ಮನೆ ಕೊಂಡು ರಿಪೇರಿಗೆ ಇಳಿದಿರುವ ಕನ್ನಡಿಗರೇ, ಗುತ್ತಿಗೆದಾರರನ್ನು ಕರೆಸುವ ಮೊದಲು ನನ್ನ ಕಥೆ ಕೇಳಿ.

ನ್ಯೂರೆಂಬರ್ಗ್ ಹತ್ತಿರ ನಾವು ಕೊಂಡದ್ದು 1962ರಲ್ಲಿ ಕಟ್ಟಿದ ಮನೆ. ನೆಲಮಾಳಿಗೆಯಲ್ಲಿ ಎಣ್ಣೆ ಬಾಯ್ಲರ್, ಕಿಟಕಿಗಳ ಕೆಳಗೆ ಅದರ ಬಿಸಿನೀರಿನಿಂದ ಕೋಣೆ ಕಾಯಿಸುವ ಹಳೆಯ ರೇಡಿಯೇಟರ್‌ಗಳು. 2024ರ ಬೇಸಿಗೆಯಲ್ಲಿ ಬಾಯ್ಲರಿನ ಬದಲು ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ವಿದ್ಯುತ್ ಯಂತ್ರ, ಹಾಕಿಸಲು ಹೊರಟೆವು. ಬಂದವರು ಬಾಯ್ಲರಿನ ಮೇಲಿದ್ದ ‘24 ಕಿಲೋವ್ಯಾಟ್’ ಫಲಕ ನೋಡಿದರು, ಕಾಫಿ ಕುಡಿದರು, ಹೊರಟರು. ಒಂದು ಕೋಣೆಯನ್ನೂ ಅಳೆಯಲಿಲ್ಲ. ಎರಡು ದಿನ ಬಿಟ್ಟು 16 ಕಿಲೋವ್ಯಾಟ್ ಯಂತ್ರಕ್ಕೆ 38,000 ಯೂರೋ ಕೊಟೇಷನ್ ಬಂತು. ದುಬಾರಿಯಾಯಿತಲ್ಲ ಎಂದರೆ ‘ಸಹಾಯಧನ ಬರುತ್ತದಲ್ಲ’ ಎಂಬ ಉತ್ತರ. ಬಂತು, ನಿಜ: ಮೂಲ ಶೇಕಡಾ 30, ಎಣ್ಣೆ ಬಾಯ್ಲರ್ ತೆಗೆಸಿದ್ದಕ್ಕೆ ಇನ್ನೂ 20. ಆದರೆ ಅದನ್ನು ಲೆಕ್ಕ ಹಾಕುವುದು 30,000 ಯೂರೋವರೆಗಿನ ಖರ್ಚಿಗೆ ಮಾತ್ರ. ಕೈಗೆ ಸಿಕ್ಕಿದ್ದು 15,000.

ಆ ಚಳಿಗಾಲಕ್ಕೆ ಹಾಸನದಿಂದ ಅಮ್ಮ ಬಂದಿದ್ದರು. ರೇಡಿಯೇಟರ್ ಮುಟ್ಟಿ ನೋಡಿ, ‘ಹಂಡೆಯ ತಳದ ನೀರಿನಷ್ಟೂ ಬಿಸಿಯಿಲ್ಲವಲ್ಲೋ’ ಎಂದು ಕಂಬಳಿ ಹೊದ್ದು ಕುಳಿತರು. ನಾನು ಪೌರುಷ ತೋರಿಸಿ ನೀರಿನ ಉಷ್ಣತೆಯನ್ನು 62 ಡಿಗ್ರಿಗೆ ಏರಿಸಿದೆ. ಅಲ್ಲೇ ಕೆಟ್ಟಿತು. ಹೀಟ್ ಪಂಪ್ ಎಂದರೆ ತಿರುಗಿಸಿಟ್ಟ ಫ್ರಿಜ್; ಹೊರಗಿನ ತಣ್ಣನೆಯ ಗಾಳಿಗೂ ಕೊಳವೆಯ ನೀರಿಗೂ ಅಂತರ ಹೆಚ್ಚಿದಷ್ಟೂ ಅದು ಏದುಸಿರು ಬಿಡುತ್ತದೆ. ನಮ್ಮ ಯಂತ್ರಕ್ಕೆ 55 ದಾಟುವ ತ್ರಾಣವಿಲ್ಲ. ಮಿಕ್ಕ ಬಿಸಿಯನ್ನು ಒಳಗಿನ ಹೀಟರ್ ಕಾಯಿಲ್ ಕೊಡುತ್ತಿತ್ತು, ಅಂದರೆ ಮನೆಯನ್ನೇ ಗೀಸರಿನಲ್ಲಿ ಕಾಯಿಸಿದ ಹಾಗೆ. ವರ್ಷಕ್ಕೆ 8,400 ಯೂನಿಟ್, ಸುಮಾರು 2,500 ಯೂರೋ. ಎಣ್ಣೆಗೂ ಇಷ್ಟು ಕೊಟ್ಟಿರಲಿಲ್ಲ.

ಹೊಟ್ಟೆ ಉರಿಯುವುದು ಏಕೆಂದರೆ, ಸರಿಯಾದ ಅಳತೆಯನ್ನು ನಾನೇ ಬೆರಳೆಣಿಸಿ ಹೇಳಬಹುದಿತ್ತು. ಹಳೆಯ ಮಾಲೀಕರು ವರ್ಷಕ್ಕೆ 2,300 ಲೀಟರ್ ಎಣ್ಣೆ ಸುಡುತ್ತಿದ್ದರು. ಲೀಟರಿಗೆ ಸುಮಾರು 10 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಎಂದರೆ 23,000. ಹಳೆಯ ಬಾಯ್ಲರಿನ ನಷ್ಟ ಕಳೆದರೆ 18,500. ಯಂತ್ರ ವರ್ಷಕ್ಕೆ ಪೂರ್ತಿ ಶಕ್ತಿಯಲ್ಲಿ ಓಡಿದಷ್ಟಕ್ಕೆ ಸಮ ಎಂದು ಅಂದಾಜಿಸುವ 2,000 ಗಂಟೆಗಳಿಂದ ಅದನ್ನು ಭಾಗಿಸಿ: ಒಂಬತ್ತು ಕಿಲೋವ್ಯಾಟ್ ಚಿಲ್ಲರೆ. ನಮಗೆ ಮಾರಿದ್ದು 16! ಇದು ಅಂದಾಜು ಮಾತ್ರ. ಸಹಿ ಹಾಕುವ ಮೊದಲು ಪ್ರತಿ ಕೋಣೆಯ ಶಾಖನಷ್ಟದ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿ.

ಇನ್ನೊಂದು ಪರೀಕ್ಷೆಗೆ ಒಂದು ಸೆಂಟೂ ಖರ್ಚಿಲ್ಲ. ಹಳೆಯ ಬಾಯ್ಲರ್ ಇನ್ನೂ ಇರುವಾಗಲೇ, ಕೊರೆಯುವ ಚಳಿಯಲ್ಲಿ ರೇಡಿಯೇಟರ್‌ಗಳನ್ನೆಲ್ಲ ಪೂರ್ತಿ ತೆರೆದಿಟ್ಟು, ಬಾಯ್ಲರಿನ ನೀರನ್ನು 55 ಡಿಗ್ರಿಗೆ ಇಳಿಸಿ ಎರಡು ದಿನ ಬಿಡಿ. ಮನೆ ಬೆಚ್ಚಗೇ ಉಳಿದರೆ 50ಕ್ಕೆ ಇಳಿಸಿ. ಯಾವ ಕೋಣೆ ತಣ್ಣಗಾಗುತ್ತದೋ ಅಲ್ಲಿಗೆ ದೊಡ್ಡ ರೇಡಿಯೇಟರ್ ಬೇಕು. ನಾವು ಬಾಯ್ಲರ್ ತೆಗೆಸಿದ್ದು ಜುಲೈನಲ್ಲಿ. ಪರೀಕ್ಷಿಸಲು ಚಳಿಯೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಎಲ್ಲ ರೇಡಿಯೇಟರ್‌ಗಳಿಗೂ ತಕ್ಕಷ್ಟು ನೀರು ಹರಿಯುವಂತೆ ಹೊಂದಿಸುವ ಕೆಲಸವೊಂದಿದೆ, ಸಹಾಯಧನಕ್ಕೆ ಅದು ಕಡ್ಡಾಯ. ನಮ್ಮ ಫಾರಂನಲ್ಲಿ ‘ಮಾಡಲಾಗಿದೆ’ ಎಂದು ಗುರುತು ಹಾಕಿದ್ದರು. ಒಂದು ವಾಲ್ವನ್ನೂ ಮುಟ್ಟಿರಲಿಲ್ಲ.

ಮರುವರ್ಷ ಬೇರೊಬ್ಬರಿಂದ ಲೆಕ್ಕ ಹಾಕಿಸಿ ನಾಲ್ಕು ರೇಡಿಯೇಟರ್ ಬದಲಿಸಿದೆವು, ವಾಲ್ವ್‌ಗಳನ್ನು ಹೊಂದಿಸಿದೆವು, ಅಟ್ಟದ ನೆಲಕ್ಕೆ ಶಾಖನಿರೋಧಕ ಹಾಸಿದೆವು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಅಟ್ಟದ ಕೆಲಸ ಮೊದಲೇ ಮಾಡಿಸಿದ್ದರೆ ಇನ್ನೂ ಚಿಕ್ಕ ಯಂತ್ರ ಸಾಕಿತ್ತು. ಈಗ 45 ಡಿಗ್ರಿಗೇ ಮನೆ ಬೆಚ್ಚಗಿರುತ್ತದೆ, ಬಿಲ್ಲೂ ಇಳಿದಿದೆ. ಆದರೆ ಮನೆಗೆ ದೊಡ್ಡದಾದ ಆ ಯಂತ್ರ ಅಕ್ಟೋಬರಿನ ಹಗುರ ಚಳಿಯಲ್ಲಿ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಗುಡುಗುಟ್ಟಿ ಶುರುವಾಗುತ್ತದೆ. ರಾತ್ರಿ ಮಲಗುವ ಕೋಣೆಯಿಂದ ಅದನ್ನು ಎಣಿಸಬಹುದು.