ಕರೆಂಟ್ ಹೋಗಿ ಬಂದರೆ ‘ಆಫ್‌ಲೈನ್’: ನೆಟ್‌ವರ್ಕ್ ಪ್ರಿಂಟರ್ ಜೊತೆ ಎರಡು ಮಳೆಗಾಲ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ಎರಡು ಕಂಪ್ಯೂಟರಿಗೆ ಸೇರಿ ಒಂದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ವೈಫೈ, ಲ್ಯಾನ್ (ಕೇಬಲ್ ಹಾಕಿ ನೆಟ್‌ವರ್ಕಿಗೆ ಸೇರಿಸುವುದು) ಎರಡೂ ಇರುವ ಮಾಡೆಲ್. ಕಂಪನಿ ಹೆಸರು ಬೇಡ. ನಿಮಿಷಕ್ಕೆ ಎಷ್ಟು ಪೇಜ್ ಅನ್ನೋದು ಡಬ್ಬದ ಮೇಲೇ ಇರುತ್ತೆ, ಅದೂ ಬಿಡಿ.

ನನ್ನ ತಲೆ ಕೆಡಿಸಿದ್ದು ಆಫ್‌ಲೈನ್ ಕಾಟ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಬಂದ ಮೇಲೆ ಪ್ರಿಂಟರ್‌ನ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತೆ, ಕಂಪ್ಯೂಟರ್ ಮಾತ್ರ ಆಫ್‌ಲೈನ್ ಅನ್ನುತ್ತೆ. ಎದುರಿಗೆ ಮೂಡಿಗೆರೆ ಕಡೆಯವರು ಪಹಣಿಗೆ ಕಾಯ್ತಾ ಇರುತ್ತಾರೆ. “ಅಣ್ಣಾ, ಬೇಗ ಕೊಡಿ, ಬಸ್ ಹೊರಡುತ್ತೆ.” ಸರ್ವೀಸಿನವರು ಬಂದು ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿ ದುಡ್ಡು ತಗೊಂಡು ಹೋದರು. ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಅದೇ ಕಥೆ.

ಕೊನೆಗೆ ಸರಿ ಮಾಡಿದ್ದು ಹಾಸನದಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ. ತಪ್ಪು ಪ್ರಿಂಟರಿನದ್ದಲ್ಲ, ವಿಳಾಸದ್ದು. ನೆಟ್ ಹಂಚುವ ರೂಟರ್ ಆಫ್ ಆಗಿ ಆನ್ ಆದಾಗ ಎಲ್ಲರಿಗೂ ಹೊಸದಾಗಿ ಐಪಿ ನಂಬರ್, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, ಹಂಚುತ್ತೆ. ಮೊಬೈಲುಗಳು ಮೊದಲೇ ಬಂದು ಹಿಡಿದುಕೊಳ್ಳುತ್ತವೆ. ನಿನ್ನೆ 192.168.1.5 ಇದ್ದ ಪ್ರಿಂಟರಿಗೆ ಇವತ್ತು 192.168.1.8 ಸಿಗುತ್ತೆ. ಕಂಪ್ಯೂಟರ್ ಪಾಪ, ಹಳೇ ನಂಬರಿಗೇ ಕಳಿಸ್ತಾ ಕೂತಿರುತ್ತೆ. ಅವನು ರೂಟರ್ ಸೆಟ್ಟಿಂಗಿನಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್ (ಕಂಪನಿಯೇ ಕೊಟ್ಟ ಗುರುತಿನ ಸಂಖ್ಯೆ) ಹಾಕಿ ಒಂದೇ ನಂಬರ್ ಕಾಯಂ ಮಾಡಿದ. ಪ್ರಿಂಟರನ್ನು ತಾನೇ ಹುಡುಕಿ ವಿಂಡೋಸ್ ತಾನಾಗೇ ಹಾಕಿಕೊಂಡಿದ್ದ ಡಬ್ಲ್ಯುಎಸ್‌ಡಿ ಪೋರ್ಟ್ (ಪ್ರಿಂಟರಿಗೆ ಕಳಿಸುವ ದಾರಿ) ಬಿಟ್ಟು, ನೇರ ಆ ನಂಬರಿಗೇ ಹೋಗುವ ಟಿಸಿಪಿ/ಐಪಿ ಪೋರ್ಟ್ ಮಾಡಿದ. ಅದರೊಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್’ ಅಂತ ಒಂದು ಟಿಕ್ ಇರುತ್ತೆ, ಪ್ರಿಂಟರ್ ಹೇಗಿದೆ ಅಂತ ವಿಂಡೋಸ್ ಅದರಿಂದ ಕೇಳುತ್ತೆ. ಅದಕ್ಕೆ ಸರಿಯಾಗಿ ಉತ್ತರ ಬರದಿದ್ದರೆ ಆನ್ ಇರುವ ಪ್ರಿಂಟರನ್ನೂ ವಿಂಡೋಸ್ ಆಫ್‌ಲೈನ್ ಅಂದುಬಿಡುತ್ತೆ. ಅದನ್ನೂ ತೆಗೆದ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆದೆವು. ಖರ್ಚು ಕೇಬಲ್ಲಿನದ್ದು ಮತ್ತು ಅವನಿಗೆ ಒಂದು ಮಸಾಲೆ ದೋಸೆಯದ್ದು ಅಷ್ಟೇ.

ಅಲ್ಲಿಂದ ಈ ಪ್ರಿಂಟರ್ ಮೇಲೆ ಪ್ರೀತಿ ಶುರುವಾಯಿತು ನೋಡಿ. ಸ್ಲೀಪ್ ಟೈಮ್ (ಕೆಲಸವಿಲ್ಲದೆ ಎಷ್ಟು ಹೊತ್ತಿಗೆ ಪ್ರಿಂಟರ್ ನಿದ್ದೆಗೆ ಹೋಗಬೇಕು ಅನ್ನೋದು) ಒಂದು ನಿಮಿಷ ಇದ್ದದ್ದನ್ನು ಅರ್ಧ ಗಂಟೆ ಮಾಡಿದೆ. ಈಗ ಪ್ರತಿ ಗಿರಾಕಿಗೂ ಮೊದಲಿಂದ ಬಿಸಿಯಾಗುವವರೆಗೆ ಕಾಯಬೇಕಿಲ್ಲ. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದರೂ ಪರವಾಗಿಲ್ಲ. ಫೋಟೋ ತುಂಬಿದ ಪಿಡಿಎಫ್‌ಗೆ 1200 ಡಿಪಿಐ (ಒಂದು ಇಂಚಿಗೆ ಬೀಳುವ ಚುಕ್ಕೆಗಳ ಲೆಕ್ಕ) ಬದಲು 600 ಇಟ್ಟರೆ ಬೇಗ ಬರುತ್ತೆ, ಅರ್ಜಿಗೆ ಅಷ್ಟು ಸಾಕಲ್ವಾ?

ಈಗ ಯುಪಿಎಸ್‌ಗೆ ರೂಟರ್ ಮತ್ತು ಕಂಪ್ಯೂಟರ್ ಮಾತ್ರ ಕೊಟ್ಟಿದ್ದೇನೆ. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ತುಂಬಾ ಕರೆಂಟ್ ಎಳೆಯುತ್ತೆ, ಸಣ್ಣ ಯುಪಿಎಸ್ ತಡೆಯಲ್ಲ.

ಮನೆಯಲ್ಲಿ ಒಬ್ಬರೇ ಬಳಸುವುದಾದರೆ ಬರೀ ಯುಎಸ್‌ಬಿ ಇರುವುದು ಸಾಕು. ಅಂಗಡಿಗಾದರೆ ಬೆಲೆ ಜಾಸ್ತಿಯಾದರೂ ಲ್ಯಾನ್ ಇರುವುದನ್ನೇ ತಗೊಳ್ಳಿ. ಎರಡೂ ಬದಿ ಪ್ರಿಂಟ್ ಮಾತ್ರ ನಮ್ಮ ಮಳೆಗೆ ಆಗಿಬರಲ್ಲ. ಹಾಳೆ ತೇವ ಹೀರಿಕೊಂಡಿರುತ್ತೆ, ಒಂದು ಬದಿ ಬಿಸಿ ತಾಗಿದರೆ ಸುರುಳಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತೆ. ಅದಕ್ಕೇ ರಾತ್ರಿ ಟ್ರೇಯ ಹಾಳೆ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟುತ್ತೇನೆ. ಬೆಳಗ್ಗೆ ಅಂಚು ಹಿಡಿದು ಫರ್ ಅಂತ ಬೀಸಿ ಬಿಡಿಸಿ ಹಾಕುತ್ತೇನೆ. ಆಷಾಢದಿಂದ ಗಣೇಶನ ಹಬ್ಬದವರೆಗೆ ಎರಡನೇ ಬದಿಗೆ ಹಾಳೆಯನ್ನು ಕೈಯಲ್ಲೇ ತಿರುಗಿಸಿ ಹಾಕುವುದು.